ಸಾಹುಕಾರನ ವಯಸ್ಸು

ಕೆಂಪಾಪುರ,
4 ಮಾರ್ಚ್ 2024

ಚಿ. ಸೌ. ಭಾವನಾಗೆ ಆಶೀರ್ವಾದಗಳು.

ನಾವು ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಸಾಹುಕಾರನಿಗೆ ಹುಷಾರಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಎರಡನೇ ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಹೊರಟ ದಿನ ನೀನು ನನ್ನ ಕೈ ಹಿಡಿದು, "ಅತ್ತೆ, ಆ ಮನೆಗೆ ಫೋನ್ ಮಾತ್ರ ಮಾಡ್ಬೇಡಿ, ಅವರಿಗೆ ಒಂಥರಾ ಆಗತ್ತೆ. ಏನಿದ್ರೂ ಸ್ಕೂಲಿಗೆ ಬರೀರಿ" ಎಂದಿದ್ದೆ. ನನಗೆ ಅದು ತಪ್ಪಾಗಿ ಕಾಣಲಿಲ್ಲ. ತೀರಿಹೋದ ಗಂಡನ ತಾಯಿ ಫೋನಿನಲ್ಲಿ ಸೊಸೆಯನ್ನು ಕೇಳಿದರೆ ಯಾವ ಮನೆಯವರಿಗೆ ತಾನೇ ಮುಜುಗರವಾಗದು? ಅಲ್ಲದೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ನಿವೃತ್ತಳಾದ ನನಗೆ ಕಾಗದವೇ ಕೈಗೆ ಒಗ್ಗಿದ್ದು. ಕಾಗದ ಬೇಕಾದಾಗ ಒಡೆಯಬಹುದು, ಬೇಡವಾದರೆ ಚೀಲದಲ್ಲಿ ಇಟ್ಟುಕೊಳ್ಳಬಹುದು.

ಮೊನ್ನೆ ನಿನ್ನ ಮಾವ ಸಾಹುಕಾರನಿಗೆ ಸ್ನಾನ ಮಾಡಿಸುವಾಗ ಹಿಂಗಾಲಿನ ತೊಡೆಯಲ್ಲಿ ನಿಂಬೆಕಾಯಿಯಷ್ಟು ಗಂಟು ಕೈಗೆ ಸಿಕ್ಕಿತು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಹಳೆಯ ಡಾಕ್ಟರ್ ಮಹೇಂದ್ರ ಮಗಳ ಬಾಣಂತನಕ್ಕೆಂದು ಹೊರದೇಶದಲ್ಲಿದ್ದಾರಂತೆ. ಅವರ ಜಾಗದಲ್ಲಿ ಒಬ್ಬಳು ಹೊಸ ಹುಡುಗಿ. "ತೆಗೆದುಬಿಡೋಣ ಆಂಟಿ, ವಯಸ್ಸೆಷ್ಟು?" ಎಂದಳು. ಹನ್ನೊಂದು ಎಂದೆ. "ಸ್ವಲ್ಪ ರಿಸ್ಕ್ ಇದ್ದೇ ಇರತ್ತೆ. ಮನೇಲಿ ಯೋಚ್ನೆ ಮಾಡಿ ಬೇಗ ಹೇಳಿ" ಎಂದಳು.

ಮನೆಯಲ್ಲಿ ಯೋಚನೆ ಮಾಡುವುದು ಎಂದರೆ ನಿನ್ನನ್ನು ಕೇಳುವುದು. ಹೆಬ್ಬಾಳದಲ್ಲಿ ಚರಂಡಿಗೆ ತೋಡಿದ್ದ ಗುಂಡಿಯಿಂದ ಅವನನ್ನು ಎತ್ತಿಕೊಂಡು ಬಂದವನು ಗುರುಚರಣ. ಮೈಮೇಲೆ ಕೂದಲೂ ಇಲ್ಲದ ನಾಯಿಮರಿಗೆ ಹೆಸರಾದರೂ ಶ್ರೀಮಂತವಾಗಿರಲಿ ಎಂದು ಸಾಹುಕಾರ ಎಂದು ಕರೆದವನೂ ಅವನೇ. ಈಗ ಅವನಿಲ್ಲ. ಅವನದು ಅಂತ ಉಳಿದದ್ದು ನನ್ನ ಮಟ್ಟಿಗೆ ನಿನ್ನದು. ನಿನ್ನನ್ನು ಕೇಳದೆ ಅದರ ಮೈಗೆ ಕತ್ತಿ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಹೇಗೆ ಹೇಳುತ್ತೀಯೋ ಹಾಗೆ.

ಮಗು ಧಾತ್ರಿಗೆ ನನ್ನ ಮುದ್ದು. ಮುದ್ದು ಯಾರದೆಂದು ಅವಳಿಗೆ ಹೇಳಬೇಕಾಗಿಲ್ಲ.

ಆಶೀರ್ವಾದಗಳೊಂದಿಗೆ,
ಕೌಸಲ್ಯಾ


ಚಿಕ್ಕಬಳ್ಳಾಪುರ,
11 ಮಾರ್ಚ್ 2024

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಪರೀಕ್ಷೆಯ ಕಾಲ, ಎರಡು ಪೀರಿಯಡ್‌ಗಳ ನಡುವೆ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ.

ಅತ್ತೆ, ಆಪರೇಷನ್ ಬೇಡ. ನಾಯಿಯ ಒಂದು ವರ್ಷ ನಮ್ಮ ಏಳು ವರ್ಷಕ್ಕೆ ಸಮ. ಮಕ್ಕಳಿಗೆ ಏಳರ ಮಗ್ಗಿ ಹೇಳಿಕೊಡುವಾಗ ನಾನು ಇದೇ ಉದಾಹರಣೆ ಕೊಡುವುದು, ಬೇಗ ಬಾಯಿಗೆ ಬರುತ್ತದೆ. ಏಳು ಹನ್ನೊಂದ್ಲ ಎಪ್ಪತ್ತೇಳು. ಎಪ್ಪತ್ತೇಳು ವರ್ಷದವರನ್ನು ಯಾರಾದರೂ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸುತ್ತಾರೆಯೇ? ಇರುವಷ್ಟು ದಿನ ನೆಮ್ಮದಿಯಾಗಿ ಇರಲಿ. ಆಸ್ಪತ್ರೆ, ಸೂಜಿ, ಟ್ಯೂಬು ಇವೆಲ್ಲವನ್ನೂ ಒಬ್ಬರ ಮೈಮೇಲೆ ನೋಡಿದ್ದೇವೆ. ಇನ್ನೊಮ್ಮೆ ಬೇಡ.

ನನ್ನನ್ನು ಕೇಳಿದಿರಲ್ಲ, ಅದನ್ನು ಮರೆಯುವುದಿಲ್ಲ. ಬೆಲ್ ಆಯಿತು.

ನಿಮ್ಮ
ಭಾವನಾ


ಕೆಂಪಾಪುರ,
20 ಏಪ್ರಿಲ್ 2024

ಚಿ. ಸೌ. ಭಾವನಾಗೆ ಆಶೀರ್ವಾದಗಳು.

ನಿನ್ನ ಮಾತಿನಂತೆಯೇ ಆಯಿತು. ಆಪರೇಷನ್ ಬೇಡ ಎಂದು ಕ್ಲಿನಿಕ್ಕಿಗೆ ಹೇಳಿಬಂದೆವು. "ಅವಳು ಲೆಕ್ಕದ ಟೀಚರ್ ಕಣೇ, ಅವಳು ಹೇಳಿದ್ಮೇಲೆ ಮುಗೀತು" ಎಂದರು ನಿನ್ನ ಮಾವ.

ಎಪ್ಪತ್ತೇಳು ಎಂದು ಗೊತ್ತಾದ ಮೇಲೆ ಮನೆಯ ನಡವಳಿಕೆಯೇ ಬದಲಾಗಿದೆ. ಇಷ್ಟು ದಿನ "ಲೋ ಸಾಹುಕಾರ, ಏಳೋ ಮೇಲೆ" ಎನ್ನುತ್ತಿದ್ದವರು ಈಗ ಬಹುವಚನಕ್ಕೆ ಬಂದಿದ್ದಾರೆ. "ಏಳ್ತೀರಾ ಸಾಹುಕಾರ್ರೇ?" ತಮಗಿಂತ ದೊಡ್ಡವರನ್ನು ಏಕವಚನದಲ್ಲಿ ಕರೆಯಬಾರದಂತೆ. ಕೆರೆಯ ಕಡೆಗಿನ ವಾಕಿಂಗ್ ನಿಲ್ಲಿಸಿದ್ದೇವೆ, ಮಹಡಿ ಹತ್ತಲು ಬಿಡುತ್ತಿಲ್ಲ. ಅನ್ನವನ್ನು ಮೆತ್ತಗೆ ಮಾಡಿ ಮೊಸರು ಕಲಸಿ ಕೊಡುತ್ತೇನೆ. ಪಕ್ಕದ ಮನೆಯ ಸಬೀರಾ ಕಾಂಪೌಂಡಿನ ಮೇಲಿಂದ ಅವನಿಗೆ ಮೂಳೆ ಹಾಕುತ್ತಾಳೆಂದು ನನಗೆ ಮೊದಲಿನಿಂದಲೂ ಗೊತ್ತು, ಗೊತ್ತಿಲ್ಲದಂತೆ ಇದ್ದೆ. ಈಗ ಕರೆದು ಹೇಳಿದೆ: ಎಪ್ಪತ್ತೇಳಮ್ಮಾ, ಜೀರ್ಣವಾಗುವುದಿಲ್ಲ. ಅವಳು ನಕ್ಕುಬಿಟ್ಟಳು. "ಏನ್ ಆಂಟಿ ನೀವು! ನಿನ್ನೆ ನನ್ ಬೆಕ್ಕನ್ನ ಮೂರ್ ಮನೆ ದಾಟ್ಸಿ ಓಡ್ಸವ್ನೆ. ನಮ್ಮತ್ತೆ ಎಪ್ಪತ್ತೇಳಕ್ಕೆ ಮಂಚದಿಂದ ಇಳೀತಾ ಇರ್ಲಿಲ್ಲ" ಎಂದಳು. ಒಂದೊಂದು ಜೀವ ಒಂದೊಂದು ಥರ ಎಂದು ನಾನು ಒಳಗೆ ಬಂದೆ.

ಊರಿಗೆಲ್ಲ ಒಂದು ದಾರಿಯಾದರೆ ನಿನ್ನ ಮಾವನಿಗೆ ಇನ್ನೊಂದು. ಯುಗಾದಿ ಕಳೆದ ಮೇಲೆ ಒಂದು ದಿನ ಪಾಯಸ ಮಾಡು ಎಂದರು. ಏನು ವಿಶೇಷ ಎಂದರೆ, ಸಾಹುಕಾರನಿಗೆ ಭೀಮರಥ ಶಾಂತಿಯಂತೆ. ಎಪ್ಪತ್ತಾದವರಿಗೆ ಮಾಡಿಸುವುದಲ್ಲವೇ, ಇವನಿಗೆ ಏಳು ವರ್ಷ ತಡವಾಗಿದೆಯಂತೆ. ಹೊಸ ಟವೆಲ್ ಹೊದಿಸಿ, ಹಣೆಗೆ ಕುಂಕುಮ ಇಟ್ಟು, ತಮಗೆ ತಿಳಿದ ನಾಲ್ಕು ಮಂತ್ರ ಹೇಳಿದರು. ಸಾಹುಕಾರ ಸುಮ್ಮನೆ ಕೂತಿದ್ದ, ಪಾಯಸದ ಮೇಲೆ ಕಣ್ಣು. ನಾನು ನಕ್ಕೆ. ಅವರು ನಗಲಿಲ್ಲ. ಹೋದ ವರ್ಷ ಅವರಿಗೇ ಎಪ್ಪತ್ತು ತುಂಬಿತ್ತು. ಶಾಂತಿ ಮಾಡಿಸಬೇಕಾದವನು ಮಗ, ಮಗನೇ ಇಲ್ಲದ ಮೇಲೆ ಯಾತರ ಶಾಂತಿ ಎಂದು ಅವತ್ತು ಮಧ್ಯಾಹ್ನ ಊಟ ಮಾಡಿ ಮಲಗಿಬಿಟ್ಟಿದ್ದರು.

ಗಂಟು ಸ್ವಲ್ಪ ದೊಡ್ಡದಾದಂತೆ ಕಾಣುತ್ತದೆ. ನನ್ನ ಕಣ್ಣಿಗೇ ಇರಬಹುದು.

ಆಶೀರ್ವಾದಗಳೊಂದಿಗೆ,
ಕೌಸಲ್ಯಾ


ಚಿಕ್ಕಬಳ್ಳಾಪುರ,
16 ಜೂನ್ 2024

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಉತ್ತರಿಸಲು ತಡವಾಯಿತು. ಶಾಲೆ ಶುರುವಾದ ಗಡಿಬಿಡಿ, ಧಾತ್ರಿಗೆ ಜ್ವರ, ಇವೆಲ್ಲ ನಿಜವಾದ ಕಾರಣಗಳೇ. ಆದರೂ ಕಾರಣ ಅವಲ್ಲ. ನಿಮ್ಮ ಕಾಗದ ಓದಿದ ಮೇಲೆ ಮಾವನ ಮುಖವೇ ಕಣ್ಣ ಮುಂದೆ ಬರುತ್ತಿತ್ತು, ಪೆನ್ನು ಹಿಡಿಯಲಾಗಲಿಲ್ಲ.

ಮೇ ತಿಂಗಳಲ್ಲಿ ಮಲ್ಲೇಶ್ವರದಲ್ಲಿರುವ ಅಮ್ಮನ ಮನೆಗೆ ಎರಡು ಸಲ ಬಂದಿದ್ದೆ. ಬಸ್ಸು ಹೆಬ್ಬಾಳ ಸಮೀಪಿಸುವಾಗ ಎಡಗಡೆಗೆ ನಿಮ್ಮ ರಸ್ತೆ. ನಾನು ಎಡಕ್ಕೆ ನೋಡುವುದಿಲ್ಲ ಅತ್ತೆ. ಧಾತ್ರಿಗೆ ಬಲಗಡೆಯ ಏನನ್ನಾದರೂ ತೋರಿಸುತ್ತಾ ಫ್ಲೈಓವರ್ ದಾಟಿಬಿಡುತ್ತೇನೆ. ಇಳಿದು ಬಂದರೆ ಈ ಮನೆಯಲ್ಲಿ ಯಾರೂ ಬೈಯುವವರಿಲ್ಲ, ಪ್ರಾಣೇಶ್ ಒಳ್ಳೆಯವರು. ಬಂದರೆ ಸಾಹುಕಾರ ನನ್ನ ಹಿಂದೆ ಬಾಗಿಲ ಕಡೆಗೆ ನೋಡುತ್ತಾನೆ, ಇನ್ನೊಬ್ಬರು ಯಾಕೆ ಬರಲಿಲ್ಲ ಎಂದು. ಅದಕ್ಕೇ ಇಳಿಯುವುದಿಲ್ಲ.

ದಸರಾ ರಜೆಗೆ ಖಂಡಿತ ಬರುತ್ತೇನೆ. ಅಲ್ಲಿಯವರೆಗೆ ಇರುತ್ತಾನಲ್ಲ?

ನಿಮ್ಮ
ಭಾವನಾ


ಕೆಂಪಾಪುರ,
9 ಆಗಸ್ಟ್ 2024

ಚಿ. ಸೌ. ಭಾವನಾಗೆ ಆಶೀರ್ವಾದಗಳು.

ದಸರಾಕ್ಕೆ ಬರುವುದಾದರೆ ಮೊದಲೇ ತಿಳಿಸು, ನಿನಗೆ ಇಷ್ಟವಾದ ಹುರುಳಿಕಾಳಿನ ಸಾರು ಮಾಡಿಸಿಟ್ಟಿರುತ್ತೇನೆ. ಮಾಡಿಸಿ ಎಂದರೆ ನಾನೇ ಮಾಡುವುದು.

ಸಾಹುಕಾರನಿಗೆ ಕೆಮ್ಮು ಹತ್ತಿದೆ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಡಾಕ್ಟರ್ ಮಹೇಂದ್ರ ಊರಿಗೆ ಮರಳಿದ್ದಾರೆ, ಹೋಗಿ ತೋರಿಸಿದೆವು. ವಿಶೇಷವೇನೂ ಹೇಳಲಿಲ್ಲ. ವಯಸ್ಸು, ನೋವಿನ ಮಾತ್ರೆ ಕೊಡಿ ಎಂದರು ಅಷ್ಟೇ. ನೀನು ತಲೆ ಕೆಡಿಸಿಕೊಳ್ಳಬೇಡ.

ಇಲ್ಲಿ ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಬಟ್ಟೆ ಒಣಗುತ್ತಿಲ್ಲ. ನಿನ್ನ ಮಾವ ಬೆಳಿಗ್ಗೆ ಪೇಪರನ್ನು ಸಾಹುಕಾರನಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ನನಗೂ ಕೇಳಿಸುತ್ತದಾದ್ದರಿಂದ ನಾನು ಪೇಪರ್ ಓದುವುದನ್ನು ಬಿಟ್ಟಿದ್ದೇನೆ. ಬೇರೆ ಸಮಾಚಾರವಿಲ್ಲ.

ಆಶೀರ್ವಾದಗಳೊಂದಿಗೆ,
ಕೌಸಲ್ಯಾ


ಕೆಂಪಾಪುರ,
22 ಆಗಸ್ಟ್ 2024

ಮಗು ಭಾವನಾ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ನಮ್ಮ ಮನೆಯ ಪತ್ರವ್ಯವಹಾರವೆಲ್ಲ ನಿನ್ನತ್ತೆಯದು. ಅವಳು ತರಕಾರಿಗೆ ಹೋಗಿರುವಾಗ ಇದನ್ನು ಬರೆಯುತ್ತಿದ್ದೇನೆ. ಬರೆಯಕೂಡದೆಂದು ನನಗೆ ಆಣೆ ಹಾಕಿದ್ದಾಳೆ. ಆದರೂ ನಿನಗೆ ತಿಳಿಯದೆ ಇರುವುದು ನ್ಯಾಯವಲ್ಲ.

ಡಾಕ್ಟರ್ ಮಹೇಂದ್ರ ವಿಶೇಷವೇನೂ ಹೇಳಲಿಲ್ಲ ಎಂದು ಅವಳು ಬರೆದಿರಬೇಕು. ಹೇಳಿದರು. ಎಕ್ಸ್‌ರೇ ತೆಗೆಸಿ ನೋಡಿ, ಗಂಟಿನ ಕಾಯಿಲೆ ಶ್ವಾಸಕೋಶಕ್ಕೆ ಹಬ್ಬಿದೆ, ಇನ್ನು ಮಾಡುವುದೇನೂ ಇಲ್ಲ ಎಂದರು. "ಮಾರ್ಚಲ್ಲೇ ಯಾಕ್ರೀ ತೆಗೆಸ್ಲಿಲ್ಲ?" ಎಂದು ಕೇಳಿದರು. ಎಪ್ಪತ್ತೇಳು ವರ್ಷವಾಗಿತ್ತಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಯಾರ್ರೀ ನಿಮಗೆ ಏಳರಿಂದ ಗುಣಿಸೋಕೆ ಹೇಳಿದ್ದು? ಅದೆಲ್ಲ ಸುಮ್ನೆ ಬಾಯಿಮಾತಿನ ಲೆಕ್ಕ. ಒಂದು ವರ್ಷದ ನಾಯಿ ಅಂದ್ರೆ ಹದಿನೈದು ವರ್ಷದ ಹುಡುಗ ಇದ್ದಂಗೆ. ಎರಡು ತುಂಬೋ ಹೊತ್ತಿಗೆ ಇಪ್ಪತ್ನಾಲ್ಕು. ಆಮೇಲೆ ನಿಧಾನ. ಇಂಥ ಮಧ್ಯಮ ಗಾತ್ರದ ನಾಟಿ ನಾಯಿಗೆ ವರ್ಷಕ್ಕೆ ನಾಲ್ಕೋ ಐದೋ ಸೇರಿಸ್ಕೊಳ್ಳಿ. ದೊಡ್ಡ ಜಾತಿ ನಾಯಿಯಾದ್ರೆ ಬೇಗ ಮುದಿಯಾಗತ್ತೆ, ಇದು ಹಂಗಲ್ಲ. ನಿಮ್ಮ ಸಾಹುಕಾರನಿಗೆ ಅರವತ್ತು, ಅರವತ್ತೈದು. ಹೃದಯ ಗಟ್ಟಿಯಾಗಿದೆ. ಆರಾಮಾಗಿ ತಡ್ಕೊಳ್ತಿದ್ದ."

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಮರುಳಾದವನು ಅವನಲ್ಲ, ನಾವು. ನಿನ್ನತ್ತೆಗೆ ಅರವತ್ತೆರಡರಲ್ಲಿ ಗರ್ಭಕೋಶ ತೆಗೆದರು. ವಯಸ್ಸಾಯಿತು, ನೆಮ್ಮದಿಯಾಗಿ ಇರಲಿ ಬಿಡಿ ಎಂದು ಯಾರೂ ಹೇಳಲಿಲ್ಲ.

ಕ್ಲಿನಿಕ್ಕಿನಿಂದ ಅವಳೊಡನೆ ಮನೆಗೆ ಬಂದೆ. ಗೇಟು ತೆಗೆಯುವಾಗ, "ಭಾವನಾಗೆ ಇದು ಗೊತ್ತಾಗ್ಕೂಡ್ದು" ಎಂದಳು. ನಿನ್ನನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ ಮಗು. ಲೆಕ್ಕ ನೀನು ಹೇಳಿದೆ, ತಲೆಯಾಡಿಸಿದವನು ನಾನು. ನಾನು ಬರೆಯುತ್ತಿರುವುದು ಇಷ್ಟಕ್ಕೇ. ದಸರಾವರೆಗೆ ಕಾಯಬೇಡ. ಬಂದು ನೋಡಿಹೋಗು.

ಸೇತುರಾಮ


ಚಿಕ್ಕಬಳ್ಳಾಪುರ,
2 ಸೆಪ್ಟೆಂಬರ್ 2024

ಅತ್ತೆ,

ಮಾವ ಬರೆದರು. ಅವರನ್ನು ಬೈಯಬೇಡಿ.

ಓದಿದ ದಿನ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು ಏನು ಬರೆಯಬೇಕೆಂದು ಮರೆತುಹೋಯಿತು. ಮಕ್ಕಳು ನೋಡುತ್ತಾ ಕೂತಿದ್ದವು. ಯಾವ ಪುಸ್ತಕವನ್ನೂ ತೆಗೆಯಲಿಲ್ಲ ನಾನು, ಯಾರನ್ನೂ ಕೇಳಲಿಲ್ಲ. ಒಂದು ಜೀವದ ವಿಷಯವನ್ನು ಎರಡು ಪೀರಿಯಡ್‌ಗಳ ನಡುವೆ ಮಗ್ಗಿ ಹೇಳಿದಂತೆ ಹೇಳಿ ಕಳಿಸಿದೆ. ನಿಮ್ಮ ಮಗ ಬಿಟ್ಟುಹೋದದ್ದು ಅದೊಂದೇ. ಅದನ್ನು ನಾನು ಕೊಂದೆ.

ಶನಿವಾರ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಹೆಬ್ಬಾಳದಲ್ಲಿ ಇಳಿದೆ. ಆಟೋದವನು, "ಎಲ್ಲಿಗೆ ಮೇಡಂ?" ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದೆ. ಬಸ್ ಸ್ಟಾಪಿನಲ್ಲಿ ಕೂತೆ. ಮನೆಗೆ ಬಂದು ಅವನ ತಲೆ ಸವರುತ್ತೇನೆ, ಅವನು ಬಾಲ ಆಡಿಸುತ್ತಾನೆ. ಅದನ್ನು ಹೇಗೆ ತಡೆದುಕೊಳ್ಳುವುದು? ಬೈದಿದ್ದರೆ ಬರುತ್ತಿದ್ದೆ ಅತ್ತೆ. ನೀವು ಬೈಯದೆ ಹುರುಳಿಸಾರಿನ ಮಾತು ಬರೆದಿರಿ. ಸಂಜೆಯಾಗುತ್ತಾ ಬಂದಾಗ ವಾಪಸ್ಸು ಬಸ್ಸು ಹತ್ತಿದೆ. ಪ್ರಾಣೇಶ್ ಕೇಳಿದ್ದಕ್ಕೆ ಶಾಲೆಯಲ್ಲಿ ಮೀಟಿಂಗ್ ಇತ್ತು ಎಂದೆ.

ಯಾಕೆ ಬೈಯಲಿಲ್ಲ? ಅದೊಂದನ್ನು ಹೇಳಿ.

ಭಾವನಾ


ಕೆಂಪಾಪುರ,
17 ಸೆಪ್ಟೆಂಬರ್ 2024

ಭಾವನಾ,

ಸಾಹುಕಾರ ಹೋದ. ಕಳೆದ ಮಂಗಳವಾರ.

ನಿನ್ನ ಕಾಗದ ಗೌರಿಹಬ್ಬದ ದಿನ ಬಂತು. ಹಬ್ಬ ಮುಗಿಸಿಕೊಂಡು ಸಮಾಧಾನವಾಗಿ ಉತ್ತರಿಸೋಣ ಎಂದುಕೊಂಡೆ. ಅಷ್ಟರಲ್ಲಿ ಅವನು ನೀರನ್ನೂ ಬಿಟ್ಟ. ಬೆಳಿಗ್ಗೆ ಎಂದಿನಂತೆ ನಿನ್ನ ಮಾವ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದರು. ಪುಟ ತಿರುಗಿಸುವಷ್ಟರಲ್ಲಿ ಉಸಿರು ನಿಂತಿತ್ತು. ಅವರಿಗೆ ತಿಳಿಯಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಓದಿದರು. ನಾನು ಅಡುಗೆಮನೆಯಿಂದ ಬಂದು ನೋಡಿ, ಸಾಕು ನಿಲ್ಲಿಸಿ ಎಂದೆ. ಸಬೀರಾಳ ಗಂಡ ಮನ್ಸೂರ್ ಚಿಕ್ಕಜಾಲದ ಹತ್ತಿರ ಪರಿಚಯದವರ ತೋಟದಲ್ಲಿ ಜಾಗ ಕೇಳಿ, ತನ್ನ ಗೂಡ್ಸ್ ಆಟೋದಲ್ಲೇ ಕರೆದುಕೊಂಡು ಹೋದ. ಶಾಂತಿಯ ದಿನ ಹೊದಿಸಿದ್ದ ಟವೆಲ್ಲಿನಲ್ಲೇ ಸುತ್ತಿ ಕಳಿಸಿದೆವು.

ನೀನು ಹೆಬ್ಬಾಳದಲ್ಲಿ ಕೂತಿದ್ದ ಆ ಶನಿವಾರ ಅವನು ಗೇಟಿನ ಹತ್ತಿರ ಬಿಸಿಲು ಕಾಯಿಸುತ್ತಿದ್ದ. ನಿನ್ನ ವಾಸನೆ ಹಿಡಿದು ಎದ್ದು ನಿಂತ ಎಂದು ಬರೆದರೆ ಚೆನ್ನಾಗಿರುತ್ತದೆ. ಎದ್ದು ನಿಲ್ಲಲಿಲ್ಲ. ಮಲಗಿದ್ದ.

ಕೊಂದೆ ಎಂದು ಬರೆದಿದ್ದೀಯ. ಆ ಮಾತನ್ನು ಇನ್ನು ಎಲ್ಲಿಯೂ ಬರೆಯಬೇಡ. ಯಾಕೆ ಬೈಯಲಿಲ್ಲ ಎಂದು ಕೇಳಿದ್ದೀಯ. ಹೇಳುತ್ತೇನೆ, ನಿನ್ನ ಮಾವನಿಗೂ ಹೇಳಿಲ್ಲ.

ಡೆಂಗಿ ಬಂದು ಗುರು ಹೋದಾಗ ಅವನಿಗೆ ಮೂವತ್ತೆರಡು, ಸಾಹುಕಾರನಿಗೆ ನಾಲ್ಕು. ಮಹೇಂದ್ರ ಡಾಕ್ಟರು ಹೇಳಿದ ಲೆಕ್ಕದಲ್ಲಿ ಕೂಡಿ ನೋಡು. ನಾಯಿಗೂ ಮೂವತ್ತೆರಡು. ಅವತ್ತು ಇಬ್ಬರೂ ಒಂದೇ ವಯಸ್ಸಿನವರು. ಅಲ್ಲಿಂದಾಚೆ ಒಬ್ಬ ನಿಂತುಬಿಟ್ಟ, ಇನ್ನೊಬ್ಬ ನಡೆಯುತ್ತಾ ಹೋದ. ಲೆಕ್ಕ ಗೊತ್ತಿಲ್ಲದಿದ್ದರೂ ನಾನು ಅದನ್ನು ನೋಡುತ್ತಲೇ ಇದ್ದೆ. ಅವನ ಮೂತಿಯಲ್ಲಿ ಮೊದಲ ಬಿಳಿ ಕೂದಲು ಕಂಡಾಗ, ಇಷ್ಟು ಹೊತ್ತಿಗೆ ಗುರುವಿಗೂ ಕಿವಿಯ ಪಕ್ಕ ನರೆಯುತ್ತಿತ್ತು ಅಂದುಕೊಂಡೆ. ಸಾಹುಕಾರ ಮೆಟ್ಟಿಲ ಹತ್ತಿರ ನಿಂತು ಹತ್ತಲೋ ಬೇಡವೋ ಎಂದು ಯೋಚಿಸಿದಾಗ, ಗುರುವಿಗೂ ಅವರಪ್ಪನ ಹಾಗೆ ಮಂಡಿನೋವು ಬರುತ್ತಿತ್ತು ಅಂದುಕೊಂಡೆ. ಮಗ ಮುದುಕನಾಗುವುದನ್ನು ಯಾವ ತಾಯಿಯೂ ನೋಡುವುದಿಲ್ಲ. ನನಗೆ ಅದು ಸಿಕ್ಕಿತ್ತು.

ನೀನು ಎಪ್ಪತ್ತೇಳು ಎಂದು ಬರೆದಾಗ ನನಗೆ ದುಃಖವಾಗಲಿಲ್ಲ ಕಣೇ, ಹಿಗ್ಗಾಯಿತು. ಅಷ್ಟು ಬಾಳಿದನಲ್ಲ, ಈ ಮನೆಯಲ್ಲಿ ಒಬ್ಬನಾದರೂ ತುಂಬು ಆಯಸ್ಸು ಕಂಡನಲ್ಲ ಎಂದು. ಸಬೀರಾ ನಕ್ಕಾಗಲೇ ನನಗೆ ಅನುಮಾನ ಬಂದಿತ್ತು. ಮೇ ತಿಂಗಳಲ್ಲಿ ಆ ಡಾಕ್ಟರ್ ಹುಡುಗಿ ಫೋನ್ ಮಾಡಿ, "ಇನ್ನೂ ಟೈಮ್ ಇದೆ, ಬನ್ನಿ ಆಂಟಿ" ಎಂದಳು. ಎಪ್ಪತ್ತೇಳಕ್ಕೆ ಆಪರೇಷನ್ ಮಾಡಬಹುದೇನಮ್ಮಾ ಎಂದು ಒಂದು ಮಾತು ಕೇಳಿದ್ದರೆ ಅವಳೇ ಸರಿಯಾದ ಲೆಕ್ಕ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಕೇಳಿದ್ದರೆ ಅವನ ವಯಸ್ಸು ಇಳಿದುಬಿಡುತ್ತಿತ್ತು. ಮುದುಕನಾದ ಮಗನನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ, ಎದುರಿಗಿದ್ದ ನಾಯಿಯನ್ನು ಕಳೆದುಕೊಂಡೆ. ಇದರಲ್ಲಿ ನಿನ್ನನ್ನು ಬೈಯಲು ನನಗೆ ಯಾವ ಬಾಯಿದೆ?

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನಿನಗೆ ಹೇಳುತ್ತೇನೆ. ನಾನು ಚಿಂತಿಸುತ್ತೇನೆ, ಅದು ಬೇರೆ.

ದಸರಾ ರಜೆಗೆ ಬರುತ್ತೇನೆ ಎಂದಿದ್ದೆ. ಬರಲು ಈಗ ನೆವವಿಲ್ಲ, ನಮಗೆ ಕಾಗದ ಬರೆಯಲೂ ನೆವವಿಲ್ಲ. ಇಲ್ಲಿ ಉಳಿದವರು ನಾವಿಬ್ಬರೇ. ನನಗೆ ಅರವತ್ತಾರು, ನಿನ್ನ ಮಾವನಿಗೆ ಎಪ್ಪತ್ತೊಂದು. ಇದನ್ನು ಯಾವುದರಿಂದಲೂ ಗುಣಿಸಬೇಕಾಗಿಲ್ಲ. ಬರುವುದಾದರೆ ಬಾ.

ಕೌಸಲ್ಯಾ